‘ಸುಕ್ರಿ’ ಎಂಬ ಹೆಸರು: ಒಂದು ಚಾರಿತ್ರಿಕ ವಿಚಾರ

ಘಟ್ಟದ ಮೇಲಿನ ಹಾವೇರಿ ಸೀಮೆಯವನಾದ ನಾನು ೧೯೮೪ರಲ್ಲಿ ಪ್ರಾಥಮಿಕ ಶಾಲೆಯ ಅಧ್ಯಾಪಕನಾಗಿ ಘಟ್ಟವಿಳಿದು ಕರಾವಳಿಗೆ ಬಂದೆನು. ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕುಗಳಲ್ಲಿಯೇ ನನ್ನ ಸೇವಾವಧಿಯೆಲ್ಲ ಕಳೆಯಿತು. ವಚನಗಳ ಓದು ನನಗೆ ಮನೆತನದಿಂದ ಬಂದದ್ದು. ಹೆಸರುಗಳ ವಿಚಾರದಲ್ಲಿ ಆಸಕ್ತಿ ಹುಟ್ಟಿದುದು ಮಾತ್ರ ಶಾಲೆಯ ದಾಖಲಾತಿ ಪುಸ್ತಕದಿಂದ, ಅದೂ ನಾನೇ ಮಾಡಿದ ಒಂದು ತಪ್ಪಿನಿಂದ. ಆ ತಪ್ಪನ್ನು ಮೊದಲು ನಿವೇದಿಸಿ ಅನಂತರ ಚರಿತ್ರೆಯ ಕಡೆಗೆ ತಿರುಗುತ್ತೇನೆ.

೧೯೮೬ರ ಜೂನ್ ತಿಂಗಳು. ಕುಮಟಾ ತಾಲೂಕಿನ ಒಂದು ಹಾಲಕ್ಕಿ ಕೊಪ್ಪದಿಂದ ತಾಯಿಯೊಬ್ಬಳು ಆರು ವರ್ಷದ ಮಗಳನ್ನು ಶಾಲೆಗೆ ಸೇರಿಸಲು ಕರೆತಂದಳು. ಹೆಸರೇನೆಂದು ಕೇಳಿದೆನು. “ಸುಕ್ರಿ” ಎಂದಳು. ಹುಟ್ಟಿದ ದಿನ ಯಾವುದೆಂದು ಕೇಳಿದೆನು. “ಸುಕ್ರಾರ” ಎಂದಳು. ತಿಂಗಳು, ತಾರೀಖುಗಳು ಅವಳಿಗೆ ತಿಳಿದಿರಲಿಲ್ಲ. ಕೊನೆಯ ಸಾಲಿನ ಹುಡುಗರು “ಸುಕ್ರುಂಡೆ, ಸುಕ್ರುಂಡೆ” ಎಂದು ಪಿಸುಗುಟ್ಟಿ ನಕ್ಕರು. ಸುಕ್ರುಂಡೆಯೆಂಬುದು ಈ ಸೀಮೆಯಲ್ಲಿ ಹಬ್ಬಕ್ಕೆ ಮಾಡುವ ಬೆಲ್ಲದ ಸಿಹಿತಿಂಡಿ. ಹುಡುಗಿ ತಾಯಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡಳು. ಇಂಥ ಹೆಸರು ಹೊತ್ತು ಈ ಮಗು ಮುಂದೆ ಹೇಗೆ ಓದೀತು ಎಂಬ ಮರುಕ ನನಗುಂಟಾಯಿತು. ಯಾರನ್ನೂ ಕೇಳದೆ ‘ಸುಕನ್ಯಾ’ ಎಂದು ಬರೆದೆನು. ತಾರೀಖು ತಿಳಿಯದ ಮಕ್ಕಳಿಗೆ ಆಗಿನ ರೂಢಿಯಂತೆ ಜೂನ್ ಒಂದನ್ನು ಹಾಕುತ್ತಿದ್ದೆವು. ೧-೬-೧೯೮೦ ಎಂದು ಬರೆದೆನು. ಬಹುಕಾಲದ ಮೇಲೆ ಪಂಚಾಂಗವನ್ನು ತಿರುವಿ ನೋಡಿದಾಗ ಆ ದಿನ ಭಾನುವಾರವಾಗಿತ್ತೆಂದು ತಿಳಿಯಿತು. ಹೀಗೆ ಶುಕ್ರವಾರದ ಮಗು ನನ್ನ ಲೇಖನಿಯ ಒಂದು ಎಳೆತದಲ್ಲಿ ಭಾನುವಾರದ ಮಗುವಾಯಿತು.

ಹಾಲಕ್ಕಿ ಒಕ್ಕಲಿಗರಲ್ಲಿ ಮಗು ಹುಟ್ಟಿದ ವಾರದ ಹೆಸರನ್ನೇ ಮಗುವಿಗಿಡುವ ಪದ್ಧತಿಯು ಹಿಂದಿನಿಂದ ಬಂದದ್ದು. ಸೋಮವಾರದವಳು ಸೋಮಿ, ಮಂಗಳವಾರದವಳು ಮಂಗಳಿ, ಶುಕ್ರವಾರದವನು ಸುಕ್ರ, ಅದೇ ವಾರದವಳು ಸುಕ್ರಿ. ಬರವಣಿಗೆಯ ಬಳಕೆ ಕಡಿಮೆಯಿದ್ದ ಮನೆಗಳಲ್ಲಿ ಜನನದ ದಾಖಲೆಯೆಂಬುದು ಬೇರೆಲ್ಲಿಯೂ ಇರಲಿಲ್ಲ. ಅದು ಮಗುವಿನ ಹೆಸರಿನಲ್ಲಿಯೇ ಇತ್ತು. ನಾನು ಅಳಿಸಿದುದು ಒಂದು ಒರಟು ಹೆಸರನ್ನಲ್ಲ, ಆ ಮಗುವಿನ ವಿಷಯದಲ್ಲಿ ನಿಶ್ಚಿತವಾಗಿ ತಿಳಿದಿದ್ದ ಒಂದೇ ಒಂದು ಸಂಗತಿಯನ್ನು.

ಈಗ ‘ಒರಟು’ ಎಂಬ ಮಾತನ್ನು ಸ್ವಲ್ಪ ಪರಿಶೀಲಿಸೋಣ. ‘ಶುಕ್ರ’ ಎಂಬುದು ಸರಿ, ‘ಸುಕ್ರ’ ಎಂಬುದು ಅಶಿಕ್ಷಿತರ ಉಚ್ಚಾರ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಹೀಗೆ ಭಾವಿಸಲಿಲ್ಲ. ಅವನ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವೆಂದೇ ಒಂದು ಭಾಗವಿದ್ದು, ಸಂಸ್ಕೃತದ ಶಕಾರ ಷಕಾರಗಳು ಕನ್ನಡಕ್ಕೆ ಬಂದಾಗ ಸಕಾರವಾಗುವುದನ್ನು ಅವನು ನಿಯಮವಾಗಿಯೇ ಹೇಳಿದ್ದಾನೆ. ಶಶಿ ಸಸಿಯಾದದ್ದು, ಶ್ರೀ ಸಿರಿಯಾದದ್ದು, ಶೂನ್ಯವು ಸೊನ್ನೆಯಾದದ್ದು ಇದೇ ದಾರಿಯಿಂದ. ‘ಸಿರಿ’ಯೆಂದು ಮಗಳಿಗೆ ಹೆಸರಿಟ್ಟವರನ್ನು ಇಂದು ಅಭಿರುಚಿಯುಳ್ಳವರೆಂದು ಹೊಗಳುತ್ತೇವೆ; ಅದೇ ನಿಯಮದಿಂದ ಬಂದ ‘ಸುಕ್ರಿ’ಯನ್ನು ಕೇಳಿ ನಗುತ್ತೇವೆ. ವ್ಯಾಕರಣಕ್ಕೆ ಈ ಭೇದ ತಿಳಿಯದು.

ಕವಿಚಕ್ರವರ್ತಿಯೆನಿಸಿದ ರನ್ನನ ಮನೆಯನ್ನೇ ನೋಡಬಹುದು. ರತ್ನವು ಕನ್ನಡದಲ್ಲಿ ರನ್ನವಾಯಿತು. ಕವಿಯು ಆ ತದ್ಭವದಿಂದಲೇ ಸಾವಿರ ವರ್ಷಗಳಿಂದ ಪ್ರಸಿದ್ಧನಾಗಿದ್ದಾನೆ. ತಾಯಿ ಅಬ್ಬಲಬ್ಬೆ. ಮಡದಿಯರಿಬ್ಬರಲ್ಲಿ ಒಬ್ಬಳು ಶಾಂತಿ, ಇನ್ನೊಬ್ಬಳು ಜಕ್ಕಿ. ಯಕ್ಷಿಯೇ ಈ ಜಕ್ಕಿ. ಸುಕ್ರಿ, ಜಕ್ಕಿ ಎಂದು ಎರಡನ್ನೂ ಒಟ್ಟಿಗೆ ಉಚ್ಚರಿಸಿದರೆ ಅವು ಒಂದೇ ಓಣಿಯ ಹೆಣ್ಣುಮಕ್ಕಳ ಹೆಸರುಗಳಂತೆ ಕೇಳುತ್ತವೆ. ಮಕ್ಕಳಿಗೆ ಹೆಸರಿಡುವಲ್ಲಿ ರನ್ನನು ನಡೆದುಕೊಂಡ ರೀತಿಯೂ ಸ್ಮರಣೀಯ: ತನ್ನನ್ನು ಪೋಷಿಸಿದ ಚಾವುಂಡರಾಯನ ನೆನಪಿಗೆ ಮಗನಿಗೆ ರಾಯನೆಂದೂ, ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಆ ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ. ದಂಡನಾಯಕರ ಮನೆತನದ ಹೆಣ್ಣುಮಗಳ ಈ ಹೆಸರನ್ನು ಇಂದಿನ ತರಗತಿಯಲ್ಲಿ ಕೂಗಿದರೆ ಆಗುವ ಗದ್ದಲವನ್ನು ಅಧ್ಯಾಪಕರಾದವರು ಊಹಿಸಬಲ್ಲರು. ವಿಜಯನಗರದ ಅರಸನಾದ ಬುಕ್ಕನ ಹೆಸರನ್ನು ಪಾಠದಲ್ಲಿ ಓದಿಸುವಾಗ ಹುಡುಗರು ನಗುವುದನ್ನು ನಾನು ಪ್ರತಿವರ್ಷವೂ ಕಂಡಿದ್ದೇನೆ.

ಶರಣರ ವಿಷಯಕ್ಕೆ ಬಂದರೆ ಈ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿರುವುದು ಬ್ರಹ್ಮ. ಆಯ್ದಕ್ಕಿ ಲಕ್ಕಮ್ಮನಲ್ಲಿರುವುದು ಲಕ್ಷ್ಮಿ. ಜೇಡರ ದಾಸಿಮಯ್ಯನ ಪತ್ನಿ ದುಗ್ಗಳೆಯಲ್ಲಿರುವುದು ದುರ್ಗೆ. ಸೂಳೆ ಸಂಕವ್ವೆಯ ಹೆಸರಿನ ಮೂಲದಲ್ಲಿ ಶಂಕರನಿದ್ದಾನೆ. ಇವರು ಅನುಭಾವಿಗಳ ಸಾಲಿನಲ್ಲಿ ಕುಳಿತಾಗ ಯಾರೂ ಇವರಿಗೆ ಬ್ರಹ್ಮದೇವನೆಂದೂ ಲಕ್ಷ್ಮೀದೇವಿಯೆಂದೂ ತಿದ್ದಿದ ಹೆಸರುಗಳನ್ನು ಕೊಡಲಿಲ್ಲ. ಇದ್ದ ಹೆಸರಿಗೆ ಅಯ್ಯ, ಅಣ್ಣ, ಅಕ್ಕ, ಅವ್ವೆ ಎಂಬ ಗೌರವದ ಮಾತನ್ನು ಜೋಡಿಸಿದರು, ಅಷ್ಟೆ. ಮಾಚನು ಮಾಚಯ್ಯನಾದನು, ಕೇತನು ಕೇತಯ್ಯನಾದನು. ಹೆಸರಿನ ಮುಂದಣ ಮಡಿವಾಳ, ಮೇದಾರ ಎಂಬ ಕಾಯಕದ ಮಾತುಗಳೂ ಹಾಗೆಯೇ ಉಳಿದವು. ಮೋಳಿಗೆ ಮಾರಯ್ಯನು ಮೊದಲು ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆಯು ಹೇಳುತ್ತದೆ. ಅದು ನಿಜವಾದರೆ ಅವನು ಅರಸೊತ್ತಿಗೆಯ ಹೆಸರನ್ನು ಬಿಟ್ಟು ಕಟ್ಟಿಗೆಯ ಹೊರೆಯ ಹೆಸರನ್ನು ತಾನಾಗಿಯೇ ತೆಗೆದುಕೊಂಡನೆಂದಾಯಿತು.

ಅಂಕಿತಗಳನ್ನು ಕುರಿತೂ ಒಂದು ಮಾತು. ಹುಟ್ಟಿನ ಹೆಸರನ್ನು ತಂದೆತಾಯಿಗಳು ಇಡುತ್ತಾರೆ. ಅಂಕಿತವನ್ನಾದರೋ ವಚನಕಾರನು ತಾನೇ ಆರಿಸಿಕೊಳ್ಳುತ್ತಾನೆ. ಉಳಿದವರು ಇಷ್ಟದೈವದ ನಾಮವನ್ನಿಟ್ಟ ಸ್ಥಾನದಲ್ಲಿ ಅಂಬಿಗರ ಚೌಡಯ್ಯನು ತನ್ನ ಹೆಸರನ್ನೇ ಕುಲಕಾಯಕಸಹಿತವಾಗಿ ಇಟ್ಟುಕೊಂಡನು. ಸಂಕವ್ವೆಯ ಒಂದೇ ಒಂದು ವಚನ ನಮಗೆ ದೊರೆತಿದೆ, ಅದರ ಅಂಕಿತ ನಿರ್ಲಜ್ಜೇಶ್ವರ. ಲೋಕವು ಯಾವ ಮಾತಿನಿಂದ ತನ್ನನ್ನು ಹಳಿಯುತ್ತಿತ್ತೋ ಅದನ್ನೇ ಆಕೆ ದೇವರ ಹೆಸರಾಗಿ ಮಾಡಿದಳು. ಇವನ್ನೆಲ್ಲ ಭಾಷಣಗಳಲ್ಲಿ ವಿವರಿಸುತ್ತಿದ್ದ ನಾನೇ ದಾಖಲಾತಿ ಪುಸ್ತಕದ ಮುಂದೆ ಕುಳಿತಾಗ ಸುಕ್ರಿಯನ್ನು ಸುಕನ್ಯೆಯಾಗಿ ಮಾಡಿದೆನು. ಓದಿದುದು ಕೈಗೆ ಇಳಿದಿರಲಿಲ್ಲ.

ಕರಾವಳಿಯ ಚರಿತ್ರೆಯಲ್ಲಿಯಂತೂ ಒಬ್ಬರ ಹೆಸರು ಇನ್ನೊಬ್ಬರ ಕಿವಿಗೆ ವಿಚಿತ್ರವಾಗಿ ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಊರನ್ನು ‘ಹಿನಾವ್ರ್’ ಎಂದು ಬರೆದನು. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮೇಲೆ ಅಧಿಕಾರವಿದ್ದ ಅರಸನನ್ನು ‘ಹರ್ಯಬ್’ ಎಂದು ಕರೆದನು. ವಿಜಯನಗರದ ಒಂದನೆಯ ಹರಿಹರನೇ, ಅಂದರೆ ಶಾಸನಗಳ ಹರಿಯಪ್ಪನೇ, ಇವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಪ್ರವಾಸಿಯು ಹೊನ್ನಾವರದಲ್ಲಿ ಹುಡುಗರಿಗೆ ೨೩, ಹುಡುಗಿಯರಿಗೆ ೧೩ ಶಾಲೆಗಳಿದ್ದುವೆಂದು ಬರೆದಿಟ್ಟಿದ್ದಾನೆ. ಆ ಹದಿಮೂರು ಶಾಲೆಗಳಲ್ಲಿ ಓದಿದ ಹುಡುಗಿಯರಲ್ಲಿ ಒಬ್ಬಳ ಹೆಸರೂ ನಮಗೆ ಉಳಿದಿಲ್ಲ. ಭಟ್ಕಳದ ನವಾಯತರ ಸಮುದಾಯದ ಹೆಸರಿಗೇ ‘ಹೊಸದಾಗಿ ಬಂದವರು’ ಎಂದು ಅರ್ಥ ಹೇಳುವುದುಂಟು. ಅದು ಸರಿಯಾದರೆ ಇಲ್ಲಿ ಮೊದಲೇ ಇದ್ದವರು ನೋಡಿದ ನೋಟವೇ ಶತಮಾನಗಳ ಕಾಲ ಒಂದು ಜನದ ಹೆಸರಾಗಿ ನಿಂತಿದೆ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಇನ್ನೂ ಸ್ವಾರಸ್ಯವಾದುದು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಅರ್ಧ ಶತಮಾನದಷ್ಟು ಕಾಲ ಆಳಿದ ಈಕೆ ಜೈನಳು, ಹೆಸರಿನಲ್ಲಿರುವುದು ಭೈರವ. ಇಂದಿನವರು ಇದನ್ನು ಕೇಳಿ ಅಚ್ಚರಿಪಡುತ್ತಾರೆ. ಆದರೆ ಕಾರ್ಕಳದ ಜೈನ ಅರಸರೂ ಭೈರರಸರೆಂದೇ ಪ್ರಸಿದ್ಧರು; ಆ ಕಾಲದ ಕಿವಿಗೆ ಇದರಲ್ಲಿ ಅಸಂಗತವಾದುದೇನೂ ಕಾಣಿಸಿರಲಾರದು. ಪೋರ್ಚುಗೀಸರಿಗೆ ಹೆಸರಿನ ಗೊಡವೆಯೇ ಬೇಕಾಗಲಿಲ್ಲ. ಅವರಿಗೆ ಬೇಕಾದದ್ದು ಮೆಣಸು. ಆದುದರಿಂದ ಆಕೆಯನ್ನು ‘ರೈನಾ ದ ಪಿಮೆಂತಾ’, ಮೆಣಸಿನ ರಾಣಿ, ಎಂದು ಕರೆದರು. ಈಚೆಗೆ ನಮ್ಮವರೂ ಆಕೆಯನ್ನು ಅಭಿಮಾನದಿಂದ ‘ಕಾಳುಮೆಣಸಿನ ರಾಣಿ’ಯೆಂದೇ ಕರೆಯುತ್ತಿದ್ದಾರೆ. ವ್ಯಾಪಾರಿಗಳು ಇಟ್ಟ ಹೆಸರು ಗೆದ್ದಿತು, ತಾಯಿ ಇಟ್ಟ ಹೆಸರು ಹಿಂದೆ ಬಿದ್ದಿತು.

ಆಕೆಯ ರಾಜ್ಯವನ್ನು ಗೆದ್ದ ಕೆಳದಿಯವರ ವಂಶಾವಳಿಯಲ್ಲಿ ಮೊದಲು ಸಿಗುವುದು ಚೌಡಪ್ಪ. ಆಮೇಲೆ ದೊಡ್ಡ ಸಂಕಣ್ಣ, ಚಿಕ್ಕ ಸಂಕಣ್ಣ. ಸಂಕವ್ವೆಯ ಸಂಕನೇ ಇಲ್ಲಿ ಸಿಂಹಾಸನವೇರಿದ್ದಾನೆ. ಗೇರುಸೊಪ್ಪೆಯನ್ನು ವಶಪಡಿಸಿಕೊಂಡವನು ವೆಂಕಟಪ್ಪ ನಾಯಕ: ಕೊರಳಲ್ಲಿ ಲಿಂಗ, ಹೆಸರಿನಲ್ಲಿ ತಿರುಪತಿಯ ವೆಂಕಟೇಶ. ಈ ಹೆಸರಿನಿಂದ ಅವನ ನಿಷ್ಠೆಗೆ ಊನ ಬಂದಿತೆಂದು ಯಾರೂ ಬರೆದುದನ್ನು ನಾನು ಕಂಡಿಲ್ಲ. ೧೬೨೩ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಲ್ಲಿಳಿದು ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯು ಈ ಅರಸನನ್ನು ‘ವೆಂಕ್ತಪಾ ನಾಯೆಕಾ’ ಎಂದೂ, ಅವನ ರಾಯಭಾರಿ ವಿಠಲ ಶೆಣೈಯನ್ನು ‘ವಿತುಲಾ ಸಿನಾಯ್’ ಎಂದೂ ತನಗೆ ಕೇಳಿಸಿದಂತೆ ಬರೆದುಕೊಂಡನು. ದಾರಿಯಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಂಕಿಗಳನ್ನು ತೀಡುತ್ತ ರಾಗವಾಗಿ ಹೇಳಿಕೊಳ್ಳುತ್ತಿದ್ದುದನ್ನು ಅವನು ನಿಂತು ನೋಡಿದ್ದಾನೆ. ಆ ಮಕ್ಕಳ ಹೆಸರನ್ನು ಅವನೂ ಕೇಳಲಿಲ್ಲ.

ಕಿವಿಯ ಈ ಸ್ವಾತಂತ್ರ್ಯವನ್ನು ಕರಾವಳಿಯವರೂ ಬಿಟ್ಟುಕೊಡಲಿಲ್ಲ. ಪೋರ್ಚುಗೀಸರು ತಂದ ಸೆಬಾಸ್ತಿಯನನ್ನು ಇಲ್ಲಿಯ ಕೊಂಕಣಿಯು ಬಸ್ತ್ಯಾಂವ್ ಮಾಡಿತು, ಪೆದ್ರೊನನ್ನು ಪೆದ್ರು ಮಾಡಿತು. ಗೋಕರ್ಣದ ಮಹಾಬಲೇಶ್ವರನ ಹೆಸರು ಹೊತ್ತ ಮಾಣಿ ಮನೆಯಲ್ಲಿ ಮಾಬ್ಲನಾದನು. ಮಹಾಸತಿಯ ಕಲ್ಲಿಗೆ ಹರಕೆ ಹೊತ್ತು ಪಡೆದ ಮಗ ಮಾಸ್ತಿಯಾದನು. ಮಾಬ್ಲನನ್ನು ಮಹಾಬಲೇಶ್ವರನೆಂದು ಶಾಲೆಯಲ್ಲಿ ಬರೆಯುವುದು ಸರಿಯೇ. ಅವನ ಮನೆಯವರು ಇಟ್ಟ ಹೆಸರೇ ಅದು, ಕರೆಯುವುದು ಮಾತ್ರ ಬೇರೆ. ಸುಕ್ರಿಗೆ ಹಾಗಲ್ಲ. ಅವಳ ಹಿಂದೆ ಯಾವ ಸುಕನ್ಯೆಯೂ ಇರಲಿಲ್ಲ.

ಈ ಪದ್ಧತಿ ನಮ್ಮ ಕೊಪ್ಪಗಳದಷ್ಟೇ ಅಲ್ಲ. ಪಶ್ಚಿಮ ಆಫ್ರಿಕದ ಘಾನಾ ದೇಶದ ಅಕಾನ್ ಜನರಲ್ಲಿಯೂ ಹುಟ್ಟಿದ ವಾರವೇ ಹೆಸರು. ಆ ದೇಶವು ೧೯೫೭ರಲ್ಲಿ ಸ್ವತಂತ್ರವಾದಾಗ ಮುಂದಾಳಾಗಿದ್ದ ಕ್ವಾಮೆ ಎನ್‌ಕ್ರುಮಾ ಶನಿವಾರದವನು. ೧೯೯೭ರಿಂದ ೨೦೦೬ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು ೧೯೩೮ರ ಏಪ್ರಿಲ್ ೮ರಂದು, ಶುಕ್ರವಾರ. ಕೋಫಿಯೆಂದರೆ ಶುಕ್ರವಾರದ ಗಂಡುಮಗು. ಅವನ ಅವಳಿ ಸೋದರಿಗೆ ಅದೇ ವಾರದ ಹೆಣ್ಣುರೂಪವಾದ ಎಫುವಾ ಎಂಬ ಹೆಸರನ್ನಿಟ್ಟಿದ್ದರು. ಕೋಫಿ, ಎಫುವಾ; ನಮ್ಮಲ್ಲಿ ಸುಕ್ರ, ಸುಕ್ರಿ. ಇಂಗ್ಲಿಷಿನ ಡೆಫೋ ೧೭೧೯ರಲ್ಲಿ ಬರೆದ ಕಥೆಯಲ್ಲಿ ರಾಬಿನ್‌ಸನ್ ಕ್ರೂಸೋ ತಾನು ಬದುಕಿಸಿದ ಮನುಷ್ಯನಿಗೆ ‘ಶುಕ್ರವಾರ’ವೆಂದು ಹೆಸರಿಡುತ್ತಾನೆ. ಆ ಮನುಷ್ಯನಿಗೆ ಮೊದಲೇ ಒಂದು ಹೆಸರಿದ್ದೀತೆಂಬ ವಿಚಾರ ಕ್ರೂಸೋವಿಗೆ ಹೊಳೆಯುವುದಿಲ್ಲ. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾನು ಆ ಭಾಗವನ್ನು ಬೇಗ ದಾಟಿಸುತ್ತಿದ್ದೆನು.

ಹಾಗಾದರೆ ಹೆತ್ತವರು ಇಟ್ಟ ಹೆಸರೆಲ್ಲವೂ ಮುಟ್ಟಬಾರದ್ದೇ ಎಂದು ವಾಚಕರು ಕೇಳಬಹುದು. ಹಾಗೆಂದು ನಾನು ಹೇಳಲಾರೆ. ನನ್ನ ಅಜ್ಜಿಗೆ ತಿಪ್ಪೆಯ ಹೆಸರಿಟ್ಟಿದ್ದರು. ಅವಳಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯದೆ ಹೋದುದರಿಂದ ಅವಳನ್ನು ಹುಟ್ಟಿದೊಡನೆ ತಿಪ್ಪೆಯ ಮೇಲೆ ಮಲಗಿಸಿ, ನೆರೆಯವಳೊಬ್ಬಳಿಂದ ಎತ್ತಿಸಿ, ಹಿಡಿ ಜೋಳ ಕೊಟ್ಟು ಕೊಂಡುಕೊಂಡರಂತೆ. ತಿಪ್ಪಣ್ಣ, ಕಲ್ಲಪ್ಪ, ಹುಚ್ಚಪ್ಪ ಎಂಬ ಹೆಸರುಗಳಲ್ಲಿ ಬಹಳಷ್ಟು ಈ ಬಗೆಯವೇ; ಮೃತ್ಯುವು ಅಸಹ್ಯಪಟ್ಟು ಬಿಟ್ಟುಹೋಗಲೆಂದು ಇಟ್ಟವು. ಹೊರಗಿನವರಿಗೆ ಕೇಳುವುದು ಹೀನಾಯ, ಒಳಗಿರುವುದು ತಾಯಿಯ ಭಯ. ಅಜ್ಜಿ ಆ ಹೆಸರನ್ನು ಎಂಬತ್ತು ವರ್ಷ ಗೌರವದಿಂದಲೇ ಹೊತ್ತಳು. ಆದರೆ ಹೆಣ್ಣು ಸಾಕೆಂದು ಇಡುವ ಹೆಸರಿನ ಮಾತು ಬೇರೆ. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ಬೇಡವಾದವಳು’ ಎಂಬರ್ಥದ ನಕುಸಾ ಎಂಬ ಹೆಸರಿನ ಹೆಣ್ಣುಮಕ್ಕಳು ಬಹುಸಂಖ್ಯೆಯಲ್ಲಿದ್ದರು. ೨೦೧೧ರ ಅಕ್ಟೋಬರಿನಲ್ಲಿ ಅಂಥ ೨೮೫ ಹುಡುಗಿಯರಿಗೆ ಸಮಾರಂಭ ನಡೆಸಿ ಹೊಸ ಹೆಸರುಗಳನ್ನು ಕೊಡಲಾಯಿತು. ಅದು ಸರಿಯಾದ ಕಾರ್ಯವೇ. ಆ ಹುಡುಗಿಯರು ತಮಗೆ ಬೇಕಾದ ಹೆಸರನ್ನು ಹೇಳಿದರು, ಇನ್ನೊಬ್ಬರು ಬರೆದುಕೊಂಡರು. ನಾನು ಮಾಡಿದಂತೆ ಕೇಳದೆ ಬರೆಯಲಿಲ್ಲ.

ಈಚಿನ ಹೆಸರುಗಳ ಬಗೆಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಬಿಡದಿಯ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿ ಜನರು ಮಕ್ಕಳಿಗೆ ಹೈಕೋರ್ಟ್, ಮೈಸೂರುಪಾಕ್, ಗೂಗಲ್ ಎಂದು ಹೆಸರಿಟ್ಟಿರುವುದನ್ನು ಪತ್ರಿಕೆಗಳು ಚಿತ್ರಸಹಿತ ಪ್ರಕಟಿಸಿ ಓದುಗರನ್ನು ನಗಿಸಿವೆ. ಓದಿ ನಕ್ಕವರ ಮನೆಯ ಮಕ್ಕಳ ಹೆಸರುಗಳಾದರೋ ಯಾವ ನಿಘಂಟಿನಲ್ಲಿಯೂ ಸಿಗಲಾರದಂಥವು. ಅರ್ಥ ಕೇಳಿದರೆ ಸಂಸ್ಕೃತವೆನ್ನುತ್ತಾರೆ. ಯಾವ ಧಾತುವೆಂದು ಕೇಳುವ ಧೈರ್ಯ ನನಗೆ ಬಂದಿಲ್ಲ.

ನನ್ನ ವಿದ್ಯಾರ್ಥಿನಿಯ ಕಥೆ ಇನ್ನೂ ಮುಗಿದಿರಲಿಲ್ಲ. ೨೦೧೮ರಲ್ಲಿ ಅವಳು ನನ್ನನ್ನು ಹುಡುಕಿಕೊಂಡು ಬಂದಳು. ತಂದೆ ತೀರಿಕೊಂಡಿದ್ದನು; ಅವನ 

ತುಂಡು ಗದ್ದೆಯ ಪಹಣಿಯಲ್ಲಿ ವಾರಸುದಾರರ ಹೆಸರು ದಾಖಲಾಗಬೇಕಾಗಿತ್ತು. ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಅವಳು ಸುಕ್ರಿ. ವಯಸ್ಸಿಗೆಂದು ಕೊಟ್ಟ ಶಾಲೆಯ ದಾಖಲೆಯಲ್ಲಿ ಸುಕನ್ಯಾ. ಇಬ್ಬರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಬೇಕಾಯಿತು. ಅದಕ್ಕಾಗಿ ಅವಳು ಕೂಲಿಯನ್ನು ಬಿಟ್ಟು ನಾಲ್ಕು ಸಲ ಕುಮಟೆಗೆ ಓಡಾಡಿದ್ದಳು. ಸಾಕ್ಷಿಗೆ ನಾನು ಸಹಿ ಹಾಕಿದೆನು. ತಪ್ಪು ನನ್ನದೆಂದು ಹೇಳಿಕೊಂಡೆನು. ಅವಳಿಗೆ ಸಿಟ್ಟಿರಲಿಲ್ಲ. “ಮಾಸ್ತರ್ರೇ, ನೀವು ಬರ್ದ ಹೆಸ್ರಲ್ಲಿ ನನ್ನ ಯಾರೂ ಕರೀಲೇ ಇಲ್ಲ. ಹಾಜರಿ ಕೂಗುವಾಗ ನೀವೊಬ್ರೇ ಕರೀತಿದ್ರಿ” ಎಂದಳು. ಅದರ ಹಿಂದಿನ ವರ್ಷವೇ, ೨೦೧೭ರಲ್ಲಿ, ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತ್ತು. ಸಾವಿರಾರು ಹಾಡುಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದ, ಸಾರಾಯಿಯ ವಿರುದ್ಧ ಹೋರಾಡಿದ ಆ ಹಿರಿಯರು ೨೦೨೫ರ ಫೆಬ್ರುವರಿಯಲ್ಲಿ ತೀರಿಕೊಂಡರು. ಬೊಮ್ಮ ಎಂಬುದು ಕಿನ್ನರಿ ಬೊಮ್ಮಯ್ಯನಲ್ಲಿರುವ ಬೊಮ್ಮನೇ ಎಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. “ನಮ್ಮ ಸುಕ್ರಜ್ಜಿಯ ಹೆಸ್ರು ದಿಲ್ಲೀಲಿ ಕೂಗಿದ್ರಂತೆ” ಎಂದು ನನ್ನ ವಿದ್ಯಾರ್ಥಿನಿ ಆ ದಿನ ಹೇಳಿದಳು.

ಈಗ ಅವಳ ಮಗಳಿಗೆ ಒಂದು ಹೆಣ್ಣುಮಗುವಾಗಿದೆ. ಹುಟ್ಟಿದುದು ಸೋಮವಾರ. ಅಜ್ಜಿಯು ಸೋಮಿಯೆನ್ನುತ್ತಾಳೆ, ಮಗಳಿಗೆ ಬೇರೊಂದು ಹೆಸರಿನ ಮೇಲೆ ಮನಸ್ಸು. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯ ಹದಿನಾಲ್ಕನೆಯ ಕಲಮಿನಂತೆ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು, ಹೆಸರನ್ನು ಅನಂತರ ಸೇರಿಸಬಹುದು. ಒಂದು ವರ್ಷದೊಳಗಾದರೆ ಶುಲ್ಕವೂ ಇಲ್ಲ. ತಾಯಿಮಗಳಿಬ್ಬರೂ ಅರ್ಜಿಯನ್ನು ಹಿಡಿದು ನನ್ನಲ್ಲಿಗೆ ಬಂದು, ಮಾಸ್ತರು ಹೇಳಿದ್ದನ್ನು ಬರೆಯೋಣವೆಂದರು. ಕಾಯಿದೆಯನ್ನು ಓದಿ ಹೇಳಿದೆನು, ತಾರೀಖನ್ನೂ ವಾರವನ್ನೂ ಆಸ್ಪತ್ರೆಯ ಚೀಟಿಯೊಡನೆ ತಾಳೆ ನೋಡಿದೆನು. ಹೆಸರಿನ ಜಾಗವನ್ನು ಬಿಟ್ಟು ಉಳಿದುದನ್ನು ತುಂಬಿಕೊಟ್ಟು, ಲೇಖನಿಯನ್ನು ಅವರ ಕೈಗೆ ಕೊಟ್ಟೆನು.